ಕ್ಯಾನ್ಸರ್ ಸಂಶೋಧನೆಯ ಬರಹಗಳೂ ಸಾಮಾನ್ಯ ವಾಚಕನೂ

ಕುಟುಂಬದಲ್ಲೊಬ್ಬರಿಗೆ ಕ್ಯಾನ್ಸರ್ ರೋಗವೆಂದು ವೈದ್ಯರು ನಿರ್ಣಯಿಸಿದೊಡನೆ, ಆ ಮನೆಯಲ್ಲಿ ನಾಲ್ಕಕ್ಷರ ಬಲ್ಲವನ ಮೇಲೆ ಹೊಸದೊಂದು ಹೊರೆ ಬೀಳುತ್ತದೆ. ಅಂತರ್ಜಾಲದ ದೆಸೆಯಿಂದ ಹಲವು ಘನ ವೈದ್ಯಪತ್ರಿಕೆಗಳ ಲೇಖನಗಳು ಇಂದು ಅವನ ಕೈಗೂ ಸಿಕ್ಕುತ್ತವೆ. ಸಿಕ್ಕುವುದು ಬೇರೆ, ತಿಳಿಯುವುದು ಬೇರೆ. ಕಠಿನ ಶಬ್ದಗಳಿಗೆ ನಿಘಂಟುಂಟು. ಅವನನ್ನು ದಾರಿ ತಪ್ಪಿಸುವವು ಸುಲಭವಾದ ಶಬ್ದಗಳೇ. ರೂಢಿಯ ಅರ್ಥವೊಂದು, ಶಾಸ್ತ್ರದ ಪಾರಿಭಾಷಿಕ ಅರ್ಥ ಮತ್ತೊಂದು. ರೋಗಿಯು ಔಷಧಕ್ಕೆ 'ರೆಸ್ಪಾನ್ಸ್' ತೋರಿದನೆಂದು ಓದಿದವನು ಗುಣವಾಯಿತೆಂದು ಹಿಗ್ಗುತ್ತಾನೆ. ಗಡ್ಡೆಗಳ ಅಳತೆ ನೂರಕ್ಕೆ 30 ರಷ್ಟು ಕುಗ್ಗಿದರೂ ಆ ಮಾತು ಸಲ್ಲುತ್ತದೆ. ಆಯುಸ್ಸಿನ ವಿಷಯವನ್ನು ಅದು ಹೇಳುವುದೇ ಇಲ್ಲ.

ಅವಾಸ್ಟಿನ್ ಎಂಬ ಔಷಧದ ವೃತ್ತಾಂತವನ್ನು ವಾಚಕರು ಗಮನಿಸಬೇಕು. ಹರಡಿದ ಸ್ತನ ಕ್ಯಾನ್ಸರಿಗೆ ಪ್ಯಾಕ್ಲಿಟ್ಯಾಕ್ಸೆಲ್ ಔಷಧದೊಡನೆ ಇದನ್ನೂ ಕೊಟ್ಟು ನೋಡಿದ ಪರೀಕ್ಷೆಯ ಫಲವು 2007 ರಲ್ಲಿ ಪ್ರಕಟವಾಯಿತು. ರೋಗವು ಉಲ್ಬಣಿಸದೆ ನಿಂತ ಕಾಲ 5.9 ತಿಂಗಳಿನಿಂದ 11.8 ತಿಂಗಳಿಗೇರಿತ್ತು. ಇಮ್ಮಡಿ! ಓದಿದವನು ಹೊಲ ಮಾರಿಯಾದರೂ ಆ ಔಷಧ ತರಿಸೋಣವೆಂದರೆ ಆಶ್ಚರ್ಯವೇನು? ಆದರೆ ಅದೇ ಲೇಖನದಲ್ಲಿ ಇನ್ನೊಂದು ಅಂಕಿಯಿತ್ತು. ರೋಗಿಗಳು ಒಟ್ಟು ಬದುಕಿದ ಕಾಲ ಒಂದು ಗುಂಪಿನಲ್ಲಿ 25.2 ತಿಂಗಳು, ಅವಾಸ್ಟಿನ್ ಪಡೆದವರಲ್ಲಿ 26.7 ತಿಂಗಳು, ಈ ಅಂತರ ಕೇವಲ ಆಕಸ್ಮಿಕವಾಗಿರಬಹುದೆಂದು ಗಣಿತ ಹೇಳಿತು. ಅಮೆರಿಕದ ಔಷಧ ಇಲಾಖೆಯು 2008 ರಲ್ಲಿ ಈ ಉಪಯೋಗಕ್ಕೆ ತ್ವರಿತ ಅನುಮತಿಯನ್ನು ಕೊಟ್ಟಿತು. ಮುಂದಿನ ಪರೀಕ್ಷೆಗಳಲ್ಲಿ ಲಾಭ ಇನ್ನೂ ಕಿರಿದಾಗಿ ಕಂಡಿತು. ರಕ್ತದೊತ್ತಡ, ರಕ್ತಸ್ರಾವಗಳ ಅಪಾಯವೂ ಇದ್ದಿತು. 2011 ರಲ್ಲಿ ಇಲಾಖೆ ಆ ಅನುಮತಿಯನ್ನು ಹಿಂತೆಗೆದುಕೊಂಡಿತು. ಕರುಳಿನ ಕ್ಯಾನ್ಸರ್ ಮೊದಲಾದವುಗಳಿಗೆ ಆ ಔಷಧ ಇಂದಿಗೂ ಸಲ್ಲುತ್ತದೆಂಬುದನ್ನು ನ್ಯಾಯವಾಗಿ ಹೇಳಬೇಕು.

ಅಂಕಿಗಳು ಇಲ್ಲದ ಆಸೆಯನ್ನು ಹುಟ್ಟಿಸುವಂತೆ ಇಲ್ಲದ ಭಯವನ್ನೂ ಹುಟ್ಟಿಸುತ್ತವೆ. ಹಾರ್ವರ್ಡಿನಲ್ಲಿ ಪಳೆಯುಳಿಕೆಗಳ ಶಾಸ್ತ್ರಜ್ಞನಾಗಿದ್ದ ಸ್ಟೀಫನ್ ಜೇ ಗೂಲ್ಡ್ ಎಂಬಾತನಿಗೆ 1982 ರಲ್ಲಿ ಮೆಸೊಥೀಲಿಯೋಮ ಎಂಬ ಅಪರೂಪದ ಕ್ಯಾನ್ಸರ್ ತಗಲಿತು. ಗ್ರಂಥಗಳಲ್ಲಿ ಕಂಡ ಆಯುಸ್ಸಿನ ಮಧ್ಯಾಂಕ ಎಂಟು ತಿಂಗಳು. ಆತ ಎದೆಗೆಡಲಿಲ್ಲ. ಅರ್ಧ ಜನ ಎಂಟು ತಿಂಗಳೊಳಗೆ ತೀರಿಕೊಂಡರೆಂದಷ್ಟೇ ಅದರ ಅರ್ಥ, ಉಳಿದರ್ಧ ಜನರು ಎಷ್ಟು ವರ್ಷವಾದರೂ ಬದುಕಿರಬಹುದೆಂದು ಲೆಕ್ಕ ಬಲ್ಲವನಾದ್ದರಿಂದ ಕಂಡುಕೊಂಡನು. ಇಪ್ಪತ್ತು ವರ್ಷಗಳ ಮೇಲೆ, 2002 ರಲ್ಲಿ, ಬೇರೊಂದು ಕ್ಯಾನ್ಸರಿನಿಂದ ತೀರಿಕೊಂಡನು. ಲೆಕ್ಕವರಿಯದ ನಮ್ಮ ಗುಮಾಸ್ತನೊಬ್ಬನು ಅದೇ ಪುಟವನ್ನು ಓದಿದ್ದರೆ ಉಯಿಲು ಬರೆಯಲು ಕುಳಿತಿರುತ್ತಿದ್ದನು.

ಯುರೋಪಿನ ಒಕ್ಕೂಟದಲ್ಲಿ 2022 ರ ಜನವರಿಯಿಂದ ಜಾರಿಗೆ ಬಂದಿರುವ ನಿಯಮದ ಪ್ರಕಾರ, ಔಷಧಪರೀಕ್ಷೆಯ ಫಲವನ್ನು ಸಾಮಾನ್ಯರಿಗೆ ತಿಳಿಯುವ ಮಾತಿನಲ್ಲಿಯೂ ಬರೆದು ಒಪ್ಪಿಸಬೇಕು. ನಮ್ಮಲ್ಲಿಯೂ ಪರೀಕ್ಷೆಗೊಳಪಡುವ ರೋಗಿಯ ಒಪ್ಪಿಗೆಯನ್ನು ಅವನಿಗೆ ತಿಳಿಯುವ ಭಾಷೆಯಲ್ಲಿಯೇ ಪಡೆಯಬೇಕೆಂಬ ನಿಯಮವುಂಟು. ಒಪ್ಪಿಗೆ ಬೇಡುವಾಗ ಕನ್ನಡ, ಫಲವನ್ನು ಸಾರುವಾಗ ಇಂಗ್ಲಿಷ್! ಈ ವ್ಯವಹಾರವನ್ನು ನಾವು ಒಪ್ಪಲಾರೆವು. ಕನ್ನಡ ನಾಡಿನ ರೋಗಿಗಳನ್ನು ಸೇರಿಸಿಕೊಂಡು ನಡೆಸಿದ ಪ್ರತಿಯೊಂದು ಪರೀಕ್ಷೆಗೂ ಕನ್ನಡದಲ್ಲಿ ಒಂದು ಪುಟದ ವಿವರಣೆಯನ್ನು ಸರ್ಕಾರವು ಕಡ್ಡಾಯಮಾಡಬೇಕು. ಎಷ್ಟು ಮಂದಿಗೆ ಕೊಟ್ಟರು, ಎಷ್ಟು ತಿಂಗಳು ಹೆಚ್ಚು ಬದುಕಿದರು, ಯಾವ ತೊಂದರೆಗೆ ಒಳಗಾದರು ಎಂಬಿಷ್ಟನ್ನು ಬರೆದರೆ ಸಾಕು.