ಕೋಳಿಯ ಕಾಳು, ಇಲಿಯ ಪಾಲು

ನಮ್ಮ ಸಾಹಿತ್ಯದಲ್ಲಿ ಕೋಳಿಗೆ ಸ್ಥಾನ ದೊರೆತಿರುವುದು ಬಹುಮಟ್ಟಿಗೆ ಅದರ ಕೂಗಿನಿಂದ. ಬೆಳಗನ್ನು ವರ್ಣಿಸಹೊರಟ ಕವಿ ಹುಂಜವನ್ನು ಕೂಗಿಸದೆ ಬಿಡುವುದು ಅಪರೂಪ. ಆಹಾರ ಕಂಡಾಗ ಒಂಟಿಯಾಗಿ ತಿನ್ನದೆ ತನ್ನವರನ್ನು ಕರೆಯುವ ಕೋಳಿಯನ್ನು ಬಸವಣ್ಣನವರು ಮನುಷ್ಯರಿಗೆ ಮಾದರಿಯಾಗಿ ತೋರಿಸಿದರು. ಆದರೆ ಕೂಗು ಮುಗಿದ ಮೇಲೆ ಗೂಡಿನ ಬಾಗಿಲು ತೆರೆಯುವವರು ಯಾರು, ಹಿಕ್ಕೆ ಬಳಿಯುವವರು ಯಾರು, ನೀರು ಬದಲಿಸುವವರು ಯಾರು ಎಂಬುದನ್ನು ಕಾವ್ಯ ಹೇಳುವುದಿಲ್ಲ. ಆ ಕರೆಗೆ ಕೋಳಿಯ ಕುಲದವರಲ್ಲದೆ ಬೇರೆ ಅತಿಥಿಗಳೂ ಓಗೊಡುತ್ತಾರೆಂಬುದನ್ನಂತೂ ಹೇಳುವುದೇ ಇಲ್ಲ. ಇಂದು ನಾನು ಮಾತನಾಡಬೇಕೆಂದಿರುವುದು ಆ ಕರೆಯದೆ ಬರುವ ಅತಿಥಿಯನ್ನು, ಅಂದರೆ ಇಲಿಯನ್ನು ಕುರಿತು.

ಅಧ್ಯಾಪನದಿಂದ ನಿವೃತ್ತನಾಗಿ ಅಫಜಲಪುರ ತಾಲ್ಲೂಕಿನ ಅತನೂರಿನಲ್ಲಿ ನೆಲೆಸಿದ ಮೇಲೆ ಹಿತ್ತಲಿನಲ್ಲಿ ಎಂಟು ಜವಾರಿ ಕೋಳಿಗಳನ್ನು ಸಾಕಿಕೊಂಡಿದ್ದೇನೆ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಹಿತ್ತಲ ಕೋಳಿ ಹೆಚ್ಚಾಗಿ ಹೆಂಗಸರ ಆಸ್ತಿ. ಹೊಲದ ಬೆಳೆಯ ಲೆಕ್ಕ ಗಂಡಸಿನದಾದರೆ, ಮೊಟ್ಟೆಯ ನಾಲ್ಕು ಕಾಸು ಮನೆಯೊಡತಿಯ ಸೆರಗಿನ ಗಂಟಿಗೆ ಸೇರತಕ್ಕದ್ದು. ಆದ್ದರಿಂದ ಒಂದು ರಾತ್ರಿ ಇಲಿ ನುಗ್ಗಿ ಮರಿಗಳನ್ನು ಹೊತ್ತೊಯ್ದರೆ ಅದು ಅಲ್ಪ ನಷ್ಟವೆಂದು ಪೇಟೆಯವರು ತಿಳಿಯಬಾರದು. ಮಗುವಿನ ಪಾಟಿಯೋ ಔಷಧಿಯೋ ಆ ಮರಿಗಳ ಜೊತೆಗೆ ಹೋಗಿರುತ್ತದೆ.

ಓಣಿಯ ಆಯಿಯೊಬ್ಬರು, ಎಪ್ಪತ್ತು ದಾಟಿದವರು, ಈ ವಿಷಯದಲ್ಲಿ ನನಗೆ ಒಂದೇ ವಾಕ್ಯದಲ್ಲಿ ಪಾಠ ಹೇಳಿದರು: “ಇಲಿ ಕೋಳಿಗಿ ಬರಲ್ಲ ಯಪ್ಪಾ, ಕಾಳಿಗಿ ಬರ್ತದ.” ಈ ಮಾತನ್ನು ಎಷ್ಟು ವಿಸ್ತರಿಸಿದರೂ ಸಲ್ಲುತ್ತದೆ. ಬೆಳೆದ ಕೋಳಿಯೊಂದು ದಿನಕ್ಕೆ ಸುಮಾರು 100 ಗ್ರಾಂ ಆಹಾರ ತಿನ್ನುತ್ತದೆ. ಇಲಿಯೊಂದು ಸುಮಾರು 25 ಗ್ರಾಂ. ಅಂದರೆ ನಾಲ್ಕು ಇಲಿಗಳನ್ನು ಸಾಕುವುದೆಂದರೆ ಮೊಟ್ಟೆಯಿಡದ ಒಂದು ಕೋಳಿಯನ್ನು ಸಾಕಿದಂತೆ. ತಿಂದುದಕ್ಕಿಂತ ಹೊಲಸು ಮಾಡಿದ್ದು ಹೆಚ್ಚು. ಕಾಳು ಮೊದಲು ಅದನ್ನು ಕರೆತರುತ್ತದೆ. ಬಂದ ಮೇಲೆ ಮೊಟ್ಟೆ, ಮೊಟ್ಟೆಯ ಬಳಿಕ ಮರಿ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣಿಸುವುದು ತೀರ ಕಡಮೆ. ಇಲಿಗೆ ಕತ್ತಲೇ ಹಗಲು.

ಎಲ್ಲವನ್ನೂ ಇಲಿ ಎಂದು ಒಟ್ಟಿಗೆ ಕರೆಯುವುದೂ ಸರಿಯಲ್ಲ. ಮಾಳಿಗೆಯ ತೊಲೆಗಳ ಮೇಲೆ ಓಡಾಡುವ ಮನೆಯ ಇಲಿ ಹತ್ತುವುದರಲ್ಲಿ ಚತುರ. ಹೆಗ್ಗಣ ಅಗೆಯುವುದರಲ್ಲಿ ಚತುರ. ಗೋಡೆಯ ಬುಡದಲ್ಲಿ ಮಣ್ಣಿನ ಗುಡ್ಡೆ ಕಂಡರೆ ಅದರ ಗುರುತು. ಇಂಗ್ಲಿಷರು ಇದಕ್ಕೆ ಬ್ಯಾಂಡಿಕೂಟ್ ಎನ್ನುತ್ತಾರಷ್ಟೆ. ಅದು ನಮ್ಮ ನೆರೆಯ ತೆಲುಗಿನ ‘ಪಂದಿಕೊಕ್ಕು’ ಎಂಬ ಮಾತಿನ ರೂಪಾಂತರ, ಹಂದಿ-ಇಲಿ ಎಂದು ಅರ್ಥ. ಇನ್ನು ಚೂಪು ಮೂತಿಯ, ದುರ್ವಾಸನೆಯ ಸೊಂಡಿಲಿ ಹೆಸರಿಗೆ ಇಲಿಯೇ ಹೊರತು ಜಾತಿಯಿಂದ ಇಲಿಯಲ್ಲ. ಹುಳುಹುಪ್ಪಟೆಗಳೇ ಅದರ ಮುಖ್ಯ ಆಹಾರ.

ಒಂದು ವಿಚಿತ್ರ ಸಮಾನತೆಯನ್ನು ಗಮನಿಸಬೇಕು. ಕೋಳಿಯ ಮೊಟ್ಟೆ ಮರಿಯಾಗಲು 21 ದಿನ ಕಾವು ಬೇಕು. ಇಲಿಯ ಗರ್ಭವೂ ಹೆಚ್ಚುಕಡಮೆ ಅಷ್ಟೇ ದಿನಗಳದು. ಆದರೆ ಮರಿ ಮಾಡಿದ ಕೋಳಿ ತಿಂಗಳುಗಟ್ಟಲೆ ಅವುಗಳ ಹಿಂದೆ ತಿರುಗುತ್ತದೆ. ಇಲಿ ಹೆತ್ತ ಕೆಲವೇ ಗಂಟೆಗಳಲ್ಲಿ ಮತ್ತೆ ಬಸಿರಾಗಬಲ್ಲದು. ಈ ಓಟದಲ್ಲಿ ಇಲಿಯನ್ನು ಕೊಂದು ಮುಗಿಸುತ್ತೇವೆಂಬುದು ಬರಿಯ ಭ್ರಮೆ. ಅದಕ್ಕೆ ಅನ್ನ ಸಿಗದಂತೆ ಮಾಡುವುದೊಂದೇ ನಿಲ್ಲುವ ಉಪಾಯ.

ಆ ಉಪಾಯ ದಿನದಿನದ ಸಣ್ಣ ಕೆಲಸಗಳಲ್ಲಿದೆ. ಬೆಳಿಗ್ಗೆ ಕೋಳಿಗಳನ್ನು ಬಿಟ್ಟೊಡನೆ ಗೂಡಿನ ಹಿಕ್ಕೆ ಬಳಿದು ತಿಪ್ಪೆಗೆ ಸೇರಿಸಬೇಕು; ನೀರಿನ ಪಾತ್ರೆಯನ್ನು ತಿಕ್ಕಿ ತೊಳೆಯಬೇಕು. ಮೊಟ್ಟೆಯನ್ನು ಹಗಲಿನಲ್ಲೇ ಎತ್ತಿಡಬೇಕು. ಜೋಳ, ನುಚ್ಚುಗಳನ್ನು ಅಂಗಳಕ್ಕೆಲ್ಲ ಎರಚದೆ ಅಗಲವಾದ ತಟ್ಟೆಯಲ್ಲಿ, ತಿಂದು ಮುಗಿಸುವಷ್ಟೇ ಹಾಕಬೇಕು. ಸಂಜೆ ತಟ್ಟೆಯನ್ನು ಒಳಗೆ ತಂದು ನೆಲ ಗುಡಿಸಬೇಕು. ಇವುಗಳಲ್ಲಿ ಯಾವುದನ್ನು ಬಿಟ್ಟರೂ ಈ ಕಡೆಯದನ್ನು ಬಿಡಬಾರದು. ಹಗಲು ಚೆಲ್ಲಿದ ಕಾಳು ಕೋಳಿಯದು, ಇರುಳು ಉಳಿದ ಕಾಳು ಇಲಿಯದು.

ಕಾಳಿಡುವ ಬಗೆಯೂ ಮುಖ್ಯ. ಹಿಂದೆ ನಮ್ಮಲ್ಲಿ ಹಗೇವುಗಳಿದ್ದವು. ನೆಲದೊಳಗೆ ಜೋಳ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಆ ಕತ್ತಲಲ್ಲಿ ಹುಳುವಿಗೂ ಉಸಿರಿಲ್ಲ. ಇಂದು ಕಾಳು ಗೋಣಿಚೀಲದಲ್ಲಿ ಪಡಸಾಲೆಯ ಮೂಲೆಗೆ ಬಂದು ಕುಳಿತಿದೆ. ಇಲಿಯ ಬಾಚಿಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುವುದರಿಂದ ಅದು ಏನನ್ನಾದರೂ ಕಡಿದು ಸವೆಸಲೇಬೇಕು. ಗೋಣಿ ಅದಕ್ಕೆ ಲೆಕ್ಕವಲ್ಲ. ಬಿಗಿಯಾದ ಮುಚ್ಚಳದ ತಗಡಿನ ಡಬ್ಬಿಯೇ ಸರಿ.

ಗೂಡಿಗೆ ನಮ್ಮ ಜಿಲ್ಲೆಯ ಶಹಾಬಾದ್ ಕಲ್ಲೇ ಪರಮ ರಕ್ಷೆ. ನೆಲಕ್ಕೆ ಆ ಪರಸಿ ಹಾಸಿ ಸಂದುಗಳನ್ನು ಗಿಲಾವು ಮಾಡಿದರೆ ಹೆಗ್ಗಣದ ಅಗೆತ ನಡೆಯುವುದಿಲ್ಲ. ಪೇಟೆಯಲ್ಲಿ ಕೋಳಿಗೆಂದೇ ಮಾರುವ ಅಗಲ ಕಣ್ಣಿನ ಜಾಳಿಗೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಇಲಿಯನ್ನು ಹೊರಗಿಡುವುದಿಲ್ಲ. ಇಲಿಯ ಮರಿಗೆ ಅರ್ಧ ಅಂಗುಲದ ಕಿಂಡಿ ಸಾಕು. ಸಣ್ಣ ಚಿಟ್ಟಿಲಿಗೆ ಅದರರ್ಧ. ಕಾಲು ಅಂಗುಲದ ಕಣ್ಣಿನ ಗಟ್ಟಿ ತಂತಿಯ ಜಾಳಿಗೆಯನ್ನೇ ಬಡಿಯಬೇಕು. ತೊಗರಿ, ಹಿಂಗಾರಿ ಜೋಳಗಳ ರಾಶಿ ಮುಗಿದು ಹೊಲ ಬರಿದಾದಾಗ ಎಚ್ಚರ ಇಮ್ಮಡಿಸಬೇಕು. ಅಲ್ಲಿಯತನಕ ಎರೆಭೂಮಿಯ ಬಿರುಕುಗಳಲ್ಲಿ ಸುಖವಾಗಿದ್ದ ಇಲಿ ಆಗ ಊರ ಕಡೆ ಮುಖ ಮಾಡುತ್ತದೆ.

ಇಷ್ಟು ತೊಂದರೆ ಏಕೆ, ಪಾಷಾಣ ಇಟ್ಟರಾಯಿತಲ್ಲ ಎನ್ನುವವರುಂಟು. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿಯಿಟ್ಟರಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಅಂಗಡಿಯಲ್ಲಿ ದೊರೆಯುವ ಸತುವಿನ ಫಾಸ್ಫೈಡ್ ಹೊಟ್ಟೆಯ ಆಮ್ಲದೊಡನೆ ಸೇರಿ ವಿಷಾನಿಲವಾಗುತ್ತದೆ. ಇಲಿಗೆ ವಾಂತಿ ಮಾಡಿಕೊಳ್ಳುವ ಶಕ್ತಿಯೇ ಇಲ್ಲದ ಕಾರಣ ಅದು ಉಳಿಯುವುದಿಲ್ಲ. ಆದರೆ ವಿಷ ಬೆರೆಸಿದ ಕಾಳನ್ನು ಕೋಳಿಯೂ ಕುಟುಕುತ್ತದೆ. ಅಂಬೆಗಾಲಿಡುವ ಮಗುವೂ ಬಾಯಿಗಿಟ್ಟೀತು.

ಇನ್ನೊಂದು ಬಗೆಯ ವಿಷದ ಕಥೆಯಲ್ಲಿ ಕೋಳಿಗೇ ಪಾತ್ರವಿದೆ. ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಎಂಬ ವಿಜ್ಞಾನಿ ಕೋಳಿಮರಿಗಳಿಗೆ ಕೊಬ್ಬಿನಂಶ ತೆಗೆದ ಆಹಾರ ಕೊಟ್ಟು ನೋಡುತ್ತಿದ್ದಾಗ ಅವುಗಳಿಗೆ ಚರ್ಮದಡಿ ರಕ್ತ ಸೋರುವುದನ್ನು ಕಂಡು 1929ರಲ್ಲಿ ಪ್ರಕಟಿಸಿದರು. ರಕ್ತ ಹೆಪ್ಪುಗಟ್ಟಲು ಬೇಕಾದ ‘ಕೆ’ ಜೀವಸತ್ವ ಗೊತ್ತಾದುದು ಹೀಗೆ. 1943ರ ನೊಬೆಲ್ ಬಹುಮಾನ ಅವರಿಗೆ ಸಂದಿತು. 1948ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ವಾರ್ಫರಿನ್ ಎಂಬ ಇಲಿಪಾಷಾಣ ಮಾಡುವುದು ಅದೇ ಜೀವಸತ್ವದ ಕೆಲಸವನ್ನು ತಡೆಯುವ ಕಾರ್ಯ. ಇಲಿ ಒಳಗೇ ರಕ್ತ ಸೋರಿ ದಿನಗಳ ಮೇಲೆ ಸಾಯುತ್ತದೆ. ಅದನ್ನು ತಿಂದ ಬೆಕ್ಕಿಗೂ ಗೂಬೆಗೂ ಅಪಾಯ ತಪ್ಪಿದ್ದಲ್ಲ. ಇಲಿಯ ಸಹಜ ವೈರಿಗಳನ್ನೇ ನಾವು ಹೀಗೆ ಕಳೆದುಕೊಳ್ಳುತ್ತೇವೆ.

ಅನಿವಾರ್ಯವಾದರೆ ಬೋನು ಮೇಲು. ಇಲಿ ಹೊಸ ವಸ್ತುವಿಗೆ ಹೆದರುವ ಪ್ರಾಣಿ. ನಾಲ್ಕಾರು ದಿನ ಬೋನಿನ ಬಾಗಿಲು ಬೀಳದಂತೆ ಕಟ್ಟಿ, ಒಳಗೆ ಒಣಕೊಬ್ಬರಿಯ ಚೂರಿಟ್ಟು ಅಭ್ಯಾಸ ಮಾಡಿಸಿದ ಮೇಲೆಯೇ ಹೂಡಬೇಕು. ಬೋನನ್ನೂ ಸತ್ತ ಇಲಿಯನ್ನೂ ಬರಿಗೈಯಿಂದ ಮುಟ್ಟಲಾಗದು. ಇಲಿಯ ಮೂತ್ರದಿಂದ ಹರಡುವ ಇಲಿಜ್ವರ ಕೈಕಾಲಿನ ಸಣ್ಣ ಗಾಯದ ಮೂಲಕವೂ ದೇಹವನ್ನು ಹೊಗುತ್ತದೆ. ಮಳೆಗಾಲದ ಕೆಸರಿನಲ್ಲಿ ಬರಿಗಾಲಿನಿಂದ ಗೂಡು ತೊಳೆಯುವ ಹೆಂಗಸರು ಇದನ್ನು ಮುಖ್ಯವಾಗಿ ನೆನಪಿಡಬೇಕು.

ಕನ್ನಡದ ಅಧ್ಯಾಪಕನಾದ ನನಗೆ ಬೋನಿನ ಮುಂದೆ ನಿಂತಾಗ ಜನ್ನನ ನೆನಪಾಗದೆ ಇರುವುದಿಲ್ಲ. 1209ರಲ್ಲಿ ರಚಿತವಾದ ‘ಯಶೋಧರ ಚರಿತೆ’ಯಲ್ಲಿ ಅರಸನೂ ತಾಯಿಯೂ ಬಲಿಕೊಡುವುದು ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪದ ಫಲವಾಗಿ ಅವರು ಹಲವು ಪ್ರಾಣಿಜನ್ಮಗಳನ್ನು ತಾಳಿ, ಅವುಗಳ ಕೊನೆಯಲ್ಲಿ ಕೋಳಿಗಳಾಗಿಯೇ ಹುಟ್ಟುತ್ತಾರೆ. ಸಂಕಲ್ಪದಿಂದ ಆಗುವ ಹಿಂಸೆಯನ್ನು ಕವಿ ಕಂಡರಿಸಿದ. ಉದಾಸೀನದಿಂದ ಆಗುವ ಹಿಂಸೆಯೂ ಒಂದಿದೆ. ಇರುಳಿಡೀ ಕಾಳು ಚೆಲ್ಲಿಟ್ಟು ಇಲಿಯ ಸಂಸಾರವನ್ನು ಬೆಳೆಸುವವರು ನಾವೇ. ಬೆಳೆದ ಮೇಲೆ ವಿಷವಿಟ್ಟು ಕೊಲ್ಲುವವರೂ ನಾವೇ. ಸಂಜೆಯ ಹತ್ತು ನಿಮಿಷದ ಕಸಗುಡಿಕೆಯಿಂದ ಈ ಎರಡು ಪಾಪಗಳಲ್ಲಿ ಮೊದಲನೆಯದು ತಪ್ಪುತ್ತದೆ. ಮೊದಲನೆಯದು ತಪ್ಪಿದರೆ ಎರಡನೆಯದರ ಅವಶ್ಯಕತೆ ಬಹಳ ಮಟ್ಟಿಗೆ ಬೀಳುವುದಿಲ್ಲ.

ಹಿತ್ತಲಿನಲ್ಲಿ ನಾಲ್ಕು ಕೋಳಿ ಸಾಕಬೇಕೆಂಬ ಆಸೆ ಪೇಟೆಯವರಲ್ಲೂ ಈಚೆಗೆ ಕಾಣುತ್ತಿದೆ; ಸಂತೋಷ. ಅವರಿಗೆ ನನ್ನ ವಿನಂತಿ ಇಷ್ಟೆ: ಕೋಳಿ ತರುವ ಮೊದಲು ಮುಚ್ಚಳವಿರುವ ಡಬ್ಬಿಯೊಂದನ್ನೂ ಕಸಬರಿಗೆಯೊಂದನ್ನೂ ತನ್ನಿ. ಹೊತ್ತು ಮುಳುಗುವಾಗ ಕೋಳಿಗಳು ತಾವಾಗಿಯೇ ಗೂಡಿಗೆ ಬರುತ್ತವೆ. ಅವನ್ನು ಎಣಿಸಿ ಅಗುಳಿ ಹಾಕುವುದಕ್ಕೆ ಮನೆಯಲ್ಲಿ ಒಬ್ಬರು ತಪ್ಪದೆ ಇರುವರೇ ಎಂಬುದನ್ನು ಮಾತ್ರ ಮೊದಲೇ ಗೊತ್ತುಮಾಡಿಕೊಳ್ಳಿ.