ಒಪಿನೆಲ್: ಸವಾಯ್ ಕಣಿವೆಯ ಮಡಚುಚಾಕು

ಅಲಗು ಹಿಡಿಯೊಳಗೆ ಮಡಚಿ ಕೂರುವಂತೆ ಮಾಡಿ, ಜೇಬಿನಲ್ಲಿ ಹೊರೆಯಾಗದಂತೆ ಒಯ್ಯಲು ಬರುವ ಚಾಕುವಿಗೆ ಮಡಚುಚಾಕು ಎಂದು ಹೆಸರು. ರೋಮನ್ನರ ಕಾಲದಲ್ಲಿಯೇ ಯುರೋಪಿನಲ್ಲಿ ಇಂಥ ಚಾಕುಗಳಿದ್ದವೆಂಬುದಕ್ಕೆ ಉತ್ಖನನಗಳಲ್ಲಿ ದೊರೆತ ಮಾದರಿಗಳು ಸಾಕ್ಷಿಯಾಗಿವೆಯಾದರೂ, ರೈತರೂ ಕೂಲಿಕಾರರೂ ಕೊಳ್ಳಬಹುದಾದ ಬೆಲೆಗೆ, ಗುಣದಲ್ಲಿ ರಾಜಿಯಿಲ್ಲದೆ, ಐದೇ ಬಿಡಿಭಾಗಗಳಿಂದ ರೂಪುಗೊಂಡು, ಒಂದೂಕಾಲು ಶತಮಾನ ಕಳೆದ ಮೇಲೂ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ತಯಾರಾಗುತ್ತಿರುವ ಮಡಚುಚಾಕುಗಳಲ್ಲಿ ಫ್ರಾನ್ಸಿನ ಒಪಿನೆಲ್‌ಗೆ ವಿಶಿಷ್ಟ ಸ್ಥಾನವಿದೆ. ಒಳ್ಳೆಯ ಜೇಬುಚಾಕುವನ್ನು ಮೊದಲ ಸಲ ಕೊಳ್ಳುವವರಲ್ಲಿ ಅನೇಕರು ಆರಿಸುವುದು ಇದನ್ನೇ. ಕೈಗೆ ಬಂದ ಮೊದಲ ವಾರಗಳಲ್ಲಿ ಅವರನ್ನು ಗೊಂದಲಕ್ಕೆ ಈಡುಮಾಡುವ ಸಂಗತಿಗಳಲ್ಲಿ ಬಹುಪಾಲು ದೋಷಗಳಲ್ಲ, ಆ ಚಾಕುವಿನ ರಚನೆಯಿಂದಲೇ ಹುಟ್ಟುವ ಗುಣಗಳು. ಆದ್ದರಿಂದ ಇದರ ಪರಿಚಯವನ್ನು ರಚನೆಯ ಮೂಲಕವೇ ಮಾಡಿಕೊಳ್ಳುವುದು ಉಚಿತ.

ಆಲ್ಪ್ಸ್ ಪರ್ವತಗಳ ನಡುವೆ, ಇಟಲಿಯ ಗಡಿಗೆ ತಾಗಿಕೊಂಡಿರುವ ಸವಾಯ್ ಪ್ರಾಂತವು 1860ರಲ್ಲಿ ಫ್ರಾನ್ಸಿಗೆ ಸೇರಿತು. ಅಲ್ಲಿನ ಮೊರಿಯೆನ್ ಕಣಿವೆಯ ಆಲ್ಬಿಯೆ ಲ ವ್ಯೂ ಎಂಬ ಹಳ್ಳಿಯ ವ್ಯಾಪ್ತಿಯಲ್ಲಿ ಒಪಿನೆಲ್ ಮನೆತನದವರು ಕೊಡಲಿ, ಮಚ್ಚು, ಕುಡುಗೋಲುಗಳಂಥ ಅಂಚುಳ್ಳ ಸಲಕರಣೆಗಳನ್ನು ಮಾಡಿಕೊಡುವ ಕಮ್ಮಾರಿಕೆಯಲ್ಲಿ ತೊಡಗಿದ್ದರು. ಈ ಮನೆತನದಲ್ಲಿ 1872ರಲ್ಲಿ ಹುಟ್ಟಿದ ಜೋಸೆಫ್ ಒಪಿನೆಲ್ 1890ರಲ್ಲಿ, ತನ್ನ 18ನೆಯ ವಯಸ್ಸಿನಲ್ಲಿ, ತಂದೆಯ ಕುಲುಮೆಯಲ್ಲಿ ಮರದ ಹಿಡಿಯ ಸಣ್ಣ ಮಡಚುಚಾಕುವೊಂದನ್ನು ರೂಪಿಸಿದ. ಚಾಕುವಿನಷ್ಟೇ ಮುಖ್ಯವಾದುದು ಅದನ್ನು ತಯಾರಿಸಲು ಅವನು ಕಂಡುಕೊಂಡ ವಿಧಾನ. ಮರವನ್ನು ಹಿಡಿಯ ಆಕಾರಕ್ಕೆ ತರುವುದಕ್ಕೂ, ಅಲಗು ಮಡಚಿ ಕೂರಲು ಬೇಕಾದ ಸೀಳನ್ನು ಆ ಹಿಡಿಯಲ್ಲಿ ಗರಗಸದಿಂದ ಕೊರೆಯುವುದಕ್ಕೂ ಯಂತ್ರಗಳನ್ನು ಅಳವಡಿಸಿದ್ದರಿಂದ, ಒಬ್ಬೊಬ್ಬ ಕುಶಲಕರ್ಮಿ ಗಂಟೆಗಟ್ಟಲೆ ಕೂತು ಮಾಡಬೇಕಾಗಿದ್ದ ಕೆಲಸ ಸಲೀಸಾಯಿತು, ಒಂದು ಚಾಕುವಿಗೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲದಂತಾಯಿತು. 1897ರ ಹೊತ್ತಿಗೆ 1ರಿಂದ 12ರವರೆಗಿನ ಸಂಖ್ಯೆಗಳಿಂದ ಗುರುತಿಸಲಾಗುವ 12 ಅಳತೆಗಳು ಸಿದ್ಧವಾದವು. ಗಡಿಯಾರದ ಸರಪಳಿಗೆ ತೂಗುಹಾಕಬಹುದಾಗಿದ್ದ 1ನೆಯ ಸಂಖ್ಯೆಯನ್ನೂ, ನೆರೆಯ ಅಳತೆಗಳಿಗೆ ತೀರ ಹತ್ತಿರವಾಗಿದ್ದ 11ನೆಯದನ್ನೂ 1930ರ ದಶಕದಲ್ಲಿ ಕೈಬಿಡಲಾಯಿತು. ಫ್ರಾನ್ಸನ್ನೂ ಇಟಲಿಯ ಟ್ಯೂರಿನ್ ನಗರವನ್ನೂ ಜೋಡಿಸುವ ರೈಲುಮಾರ್ಗ 1871ರಿಂದ ಇದೇ ಕಣಿವೆಯ ಮೂಲಕ ಹಾದುಹೋಗುತ್ತಿದ್ದುದರಿಂದ, ರೈಲ್ವೆ ನೌಕರರೂ ಊರೂರು ತಿರುಗುವ ವ್ಯಾಪಾರಿಗಳೂ ಈ ಚಾಕುವನ್ನು ಪರ್ವತದಾಚೆಗೂ ಒಯ್ದರು. ತಯಾರಿಕೆ ಮುಂದೆ ಶಾಂಬೇರಿ ಪಟ್ಟಣದ ಕಡೆಗೆ ಸ್ಥಳಾಂತರಗೊಂಡಿತು. ಸಂಸ್ಥೆ ಇಂದಿಗೂ ಅಲ್ಲಿಯೇ ಇದೆ.

ಅಲಗಿನ ಮೇಲೆ ಕಿರೀಟ ಹೊತ್ತ ಹಸ್ತದ ಮುದ್ರೆಯೊಂದು ಕಾಣುತ್ತದೆ. ಚಾಕು ತಯಾರಿಸುವ ಪ್ರತಿಯೊಬ್ಬ ಕುಶಲಕರ್ಮಿಯೂ ತನ್ನ ಸರಕಿಗೆ ಗುರುತು ಒತ್ತಬೇಕೆಂದು ಫ್ರಾನ್ಸಿನ ದೊರೆ 9ನೆಯ ಚಾರ್ಲ್ಸ್ 1565ರಲ್ಲಿ ಹೊರಡಿಸಿದ ಆಜ್ಞೆಯ ಪರಂಪರೆಯನ್ನು ಅನುಸರಿಸಿ, ಜೋಸೆಫ್ ಈ ಲಾಂಛನವನ್ನು ಆರಿಸಿಕೊಂಡ. ಹರಸುವ ಭಂಗಿಯ ಹಸ್ತವು ಹತ್ತಿರದ ಸ್ಯಾಂ ಜಾನ್ ದ ಮೊರಿಯೆನ್ ಪಟ್ಟಣದ ಲಾಂಛನದಿಂದ ಬಂದುದು. ಸ್ನಾನಿಕ ಯೋಹಾನನ ಬೆರಳುಗಳೆಂದು ನಂಬಲಾದ ಅವಶೇಷಗಳನ್ನು ಆ ಪಟ್ಟಣದ ಪ್ರಧಾನ ಚರ್ಚು ಕಾಪಾಡಿಕೊಂಡು ಬಂದಿದೆ. ಕಿರೀಟವು ಸವಾಯ್ ಆಳಿದ ಡ್ಯೂಕ್ ಮನೆತನವನ್ನು ಸೂಚಿಸುತ್ತದೆ.

ವಯಸ್ಕರು ಹೆಚ್ಚಾಗಿ ಕೊಳ್ಳುವುದು 8ನೆಯ ಸಂಖ್ಯೆಯ ಚಾಕುವನ್ನು. ಅದರ ಅಲಗು 8.5 ಸೆಂಟಿಮೀಟರ್ ಉದ್ದವಿದ್ದು, ಮಡಚಿದಾಗ ಇಡೀ ಚಾಕು ಸುಮಾರು 11 ಸೆಂಟಿಮೀಟರಿನಷ್ಟಾಗುತ್ತದೆ. ಪೆಟ್ಟಿಗೆಯಿಂದ ತೆಗೆದವರಿಗೆ ಮೊದಲು ಅನುಭವಕ್ಕೆ ಬರುವುದು ಅದರ ಹಗುರತನ. ಹಿಡಿಯೊಳಗೆ ಲೋಹದ ತಗಡುಗಳಾಗಲಿ ಸ್ಪ್ರಿಂಗ್ ಆಗಲಿ ಇಲ್ಲದ ಕಾರಣ ತೂಕವೆಲ್ಲ ಅಲಗು ಮತ್ತು ಮರದ್ದೇ ಆಗಿರುತ್ತದೆ. ಒಳ್ಳೆಯ ಚಾಕು ಭಾರವಾಗಿರಬೇಕೆಂಬ ನಿರೀಕ್ಷೆ ಇಟ್ಟುಕೊಂಡವರಿಗೆ ಇದು ಆಟಿಕೆಯಂತೆ ತೋರುವುದೂ ಉಂಟು. ಫ್ರಾನ್ಸಿನ ಇನ್ನೊಂದು ಪ್ರಸಿದ್ಧ ಮಾದರಿಯಾದ ಲಾಯೋಲ್ ಚಾಕುಗಳಲ್ಲಿಯೂ ಸ್ವಿಟ್ಜರ್ಲೆಂಡಿನ ಸೈನಿಕ ಚಾಕುಗಳಲ್ಲಿಯೂ ಹಿಡಿಯ ಬೆನ್ನಿಗೆ ಉಕ್ಕಿನ ಸ್ಪ್ರಿಂಗ್ ಇರುತ್ತದೆ. ಅಲಗನ್ನು ಬಿಚ್ಚುವಾಗ ಅದು ಟಕ್ಕೆಂದು ಸ್ಥಾನಕ್ಕೆ ಕೂರುವ ಸದ್ದು ಈ ಸ್ಪ್ರಿಂಗಿನದು. ಒಪಿನೆಲ್‌ನಲ್ಲಿ ಆ ಸದ್ದಿಲ್ಲ. ಅಲಗಿನ ಬೆನ್ನಿನ ಬಳಿ ಉಗುರು ಸಿಕ್ಕಿಸಲೆಂದು ತೋಡಿರುವ ಗೀರಿಗೆ ಹೆಬ್ಬೆರಳ ಉಗುರನ್ನಿಟ್ಟು ಎತ್ತಿದರೆ, ಮರದ ಸೀಳಿನ ಎರಡು ಗೋಡೆಗಳ ನಡುವಿನ ಘರ್ಷಣೆಯನ್ನು ಮೀರುತ್ತ ಅಲಗು ನಿಧಾನವಾಗಿ ಮೇಲೇಳುತ್ತದೆ.

ಕತ್ತರಿಸಲು ತೊಡಗಿದ ಕೂಡಲೇ ಈ ಮೊದಲ ಅನಿಸಿಕೆ ಬದಲಾಗುತ್ತದೆ. ಅಲಗಿನ ದಪ್ಪ ಬೆನ್ನಿನ ಬಳಿಯಲ್ಲಿಯೂ ಎರಡು ಮಿಲಿಮೀಟರಿಗಿಂತ ಕಡಿಮೆಯಿದ್ದು, ಅಲ್ಲಿಂದ ಅಂಚಿನವರೆಗೆ ಅದು ತೆಳುವಾಗುತ್ತ ಸಾಗುತ್ತದೆ. ಮೊನೆ ತುಸು ಮೇಲೆದ್ದಿರುವ ಈ ಆಕಾರಕ್ಕೆ, ಅದೇ ಹೆಸರಿನ ತುರ್ಕಿ ಖಡ್ಗವನ್ನು ಹೋಲುವುದರಿಂದ, ಯತಗಾನ್ ಎನ್ನುತ್ತಾರೆ. ದಪ್ಪ ಅಲಗಿನ ಚಾಕು ಎಷ್ಟೇ ಹರಿತವಾಗಿದ್ದರೂ ಸೇಬಿನಂಥ ಗಟ್ಟಿ ಹಣ್ಣನ್ನು ಅರ್ಧ ಕತ್ತರಿಸಿ ಮಿಕ್ಕರ್ಧವನ್ನು ಬೆಣೆಯಂತೆ ಸೀಳಿಬಿಡುತ್ತದೆ. ತೆಳು ಅಲಗಾದರೋ ಕೊನೆಯವರೆಗೂ ಕತ್ತರಿಸುತ್ತಲೇ ಹೋಗುತ್ತದೆ. ಜೇಬುಚಾಕುವಿನ ಬೆಲೆ ಕಟ್ಟುವಾಗ ಹೊಳಪು, ತೂಕ, ಕೆತ್ತನೆಗಳಿಗಿಂತ ಅಲಗಿನ ಈ ಜ್ಯಾಮಿತಿಯನ್ನೇ ಮೊದಲು ನೋಡಬೇಕು. ಹತ್ತು ಪಟ್ಟು ಬೆಲೆಯ ಚಾಕುಗಳಲ್ಲಿಯೂ ಎಷ್ಟೋ ಸಲ ಇದೇ ಕಾಣೆಯಾಗಿರುತ್ತದೆ.

ಆದಿಯಲ್ಲಿ ಒಪಿನೆಲ್‌ಗೆ ಬೀಗವಿರಲಿಲ್ಲ. ಮೊನೆಯಿಂದ ಒತ್ತಿ ಚುಚ್ಚುವಾಗ ಅಲಗು ಮಡಚಿಕೊಂಡು ಬೆರಳಿಗೆ ಗಾಯ ಮಾಡುವ ಸಾಧ್ಯತೆ ಇದ್ದುದರಿಂದ, ಜೋಸೆಫ್‌ನ ಮಗ ಮಾರ್ಸೆಲ್ ಒಪಿನೆಲ್ 1955ರಲ್ಲಿ ವಿರೋಬ್ಲಾಕ್ ಎಂಬ ಸುರಕ್ಷಾ ಉಂಗುರವನ್ನು ರೂಪಿಸಿದ. ಹಿಡಿಯ ಕೊರಳಿಗೆ ಬಿಗಿದ ಸ್ಥಿರ ಪಟ್ಟಿಯ ಮೇಲೆ ತಿರುಗುವ ಈ ಉಂಗುರದಲ್ಲಿ ಒಂದು ಬಿರುಕಿದೆ. ಬಿರುಕು ಹಿಡಿಯ ಸೀಳಿಗೆ ಎದುರಾಗಿದ್ದಾಗ ಅಲಗು ಸರಾಗವಾಗಿ ಓಡಾಡುತ್ತದೆ. ಬಿಚ್ಚಿದ ಮೇಲೆ ಉಂಗುರವನ್ನು ತುಸು ತಿರುಗಿಸಿದರೆ ಅದರ ಅಂಚು ಅಲಗಿನ ಬುಡಕ್ಕೆ ಅಡ್ಡ ನಿಂತು ಮಡಚದಂತೆ ತಡೆಯುತ್ತದೆ. 2000ದಲ್ಲಿ ಆದ ಸುಧಾರಣೆಯಿಂದ, ಮಡಚಿದ ಸ್ಥಿತಿಯಲ್ಲಿಯೂ ಬೀಗ ಹಾಕುವುದು ಸಾಧ್ಯವಾಯಿತು. 6ನೆಯ ಸಂಖ್ಯೆ ಮತ್ತು ಅದಕ್ಕಿಂತ ದೊಡ್ಡ ಚಾಕುಗಳಲ್ಲಿ ಈ ಉಂಗುರವಿರುತ್ತದೆ, ಅದಕ್ಕಿಂತ ಸಣ್ಣವುಗಳಲ್ಲಿ ಇರುವುದಿಲ್ಲ. ಅಲಗು, ಹಿಡಿ, ಅವೆರಡನ್ನು ಜೋಡಿಸುವ ರಿವೆಟ್ ಮೊಳೆ, ಸ್ಥಿರ ಪಟ್ಟಿ, ತಿರುಗುವ ಉಂಗುರ: ಐದು ಬಿಡಿಭಾಗಗಳೆಂದರೆ ಇಷ್ಟೇ.

ಹೊಸಬರನ್ನು ಹೆಚ್ಚು ಕಂಗೆಡಿಸುವುದು ಮರದ ಸ್ವಭಾವ. ಸಾಮಾನ್ಯ ಒಪಿನೆಲ್‌ನ ಹಿಡಿ ಯುರೋಪಿನ ಬೀಚ್ ಮರದ್ದು. ಓಕ್, ಆಕ್ರೋಟು, ಆಲಿವ್ ಮರದ ಹಿಡಿಗಳೂ ಸಿಗುತ್ತವೆ. ಬೀಚ್ ಗಟ್ಟಿಯಾದ, ಒತ್ತಾದ ನಾರಿನ ಮರವಾದರೂ ತೇವವನ್ನು ಹೀರಿ ಉಬ್ಬುತ್ತದೆ. ಹಿಡಿ ಉಬ್ಬಿದರೆ ಸೀಳು ಕಿರಿದಾಗಿ ಅಲಗನ್ನು ಕಚ್ಚಿಕೊಳ್ಳುತ್ತದೆ. ಆಗ ಉಗುರಿನಿಂದ ಎಷ್ಟು ಎಳೆದರೂ ಚಾಕು ಬಿಚ್ಚದು. ನಮ್ಮ ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಹೀಗಾಗುವುದು ನಿರೀಕ್ಷಿತವೇ. ಸವಾಯ್ ರೈತರು ಇದಕ್ಕೆ ಕಂಡುಕೊಂಡ ಉಪಾಯಕ್ಕೆ ಫ್ರೆಂಚರು ಸವಾಯಿಗನ ಏಟು ಎಂಬರ್ಥದ ಹೆಸರನ್ನೇ ಕೊಟ್ಟಿದ್ದಾರೆ: ಉಂಗುರದ ಬೀಗ ತೆಗೆದು, ಹಿಡಿಯ ಹಿಂಬದಿಯ ತುದಿಯನ್ನು ಮೇಜಿಗೋ ಕಲ್ಲಿಗೋ ಮೆಲ್ಲಗೆ ಕುಟ್ಟಿದರೆ, ಅಲಗು ಬೆರಳಿಗೆ ಸಿಗುವಷ್ಟು ಹೊರಗೆ ಬರುತ್ತದೆ. ಚಾಕುವನ್ನು ನೀರಿನಲ್ಲಿ ನೆನೆಯಲು ಬಿಡದೆ, ರಿವೆಟ್ ಇರುವ ಜಾಗಕ್ಕೆ ಆಗಾಗ ಒಂದು ತೊಟ್ಟು ಎಣ್ಣೆ ಬಿಡುತ್ತ ಬಂದರೆ ಈ ತೊಂದರೆ ಬಹಳಷ್ಟು ತಗ್ಗುತ್ತದೆ.

ಅಲಗಿಗೆ ಎರಡು ಬಗೆಯ ಉಕ್ಕುಗಳಿವೆ. ಒಂದು ಸುಮಾರು ಶೇ 0.9ರಷ್ಟು ಇಂಗಾಲ ಬೆರೆತ ಕಾರ್ಬನ್ ಉಕ್ಕು. ಇನ್ನೊಂದು ಕ್ರೋಮಿಯಂ ಬೆರೆತು ತುಕ್ಕನ್ನು ತಡೆಯುವ ಸ್ಟೇನ್‌ಲೆಸ್ ಉಕ್ಕು. ಮೊದಲನೆಯದರ ಮೇಲೆ ಕಾರ್ಬೋನ್ ಎಂದೂ ಎರಡನೆಯದರ ಮೇಲೆ ಇನಾಕ್ಸ್ ಎಂದೂ ಅಚ್ಚೊತ್ತಿರುತ್ತದೆ. ಕಾರ್ಬನ್ ಅಲಗಿನಿಂದ ನಿಂಬೆಹಣ್ಣನ್ನೋ ಮಾವಿನಕಾಯಿಯನ್ನೋ ಕತ್ತರಿಸಿ ಹಾಗೆಯೇ ಇಟ್ಟರೆ, ಸ್ವಲ್ಪ ಹೊತ್ತಿನಲ್ಲೇ ಬೆಳ್ಳಿಬಣ್ಣ ಮಾಸಿ ಬೂದು, ನೀಲಿ, ಕಪ್ಪು ಛಾಯೆಗಳು ಮೂಡುತ್ತವೆ. ಹೊಸ ಚಾಕು ಹಾಳಾಯಿತೆಂದು ಉಜ್ಜಲು ಹೊರಡುವವರು ಬಹಳ. ಮನೆಯಲ್ಲಿ ಕಬ್ಬಿಣದ ಈಳಿಗೆಮಣೆ ಬಳಸಿ ಬಾಳೆಕಾಯಿ ಹೆಚ್ಚಿದವರಿಗೆ ಈ ಕಪ್ಪು ಹೊಸದಲ್ಲ. ಕೆಂಪು ತುಕ್ಕು ಉಕ್ಕನ್ನು ಪದರ ಪದರವಾಗಿ ತಿನ್ನುತ್ತ ಹೋದರೆ, ಈ ಕಪ್ಪು ಲೇಪವು ಮೇಲ್ಮೈಗೆ ಅಂಟಿಕೊಂಡು ನಿಂತು ಮುಂದಿನ ತುಕ್ಕನ್ನು ನಿಧಾನಗೊಳಿಸುತ್ತದೆ. ಆದ್ದರಿಂದ ಅದನ್ನು ಉಜ್ಜಿ ತೆಗೆಯದೆ, ಬಳಸಿದ ಮೇಲೆ ಒರೆಸಿ ಒಣಗಿಸಿಟ್ಟರೆ ಸಾಕು. ಅಡುಗೆಮನೆಯ ತೇವದಲ್ಲಿ ಬಳಸುವವರಿಗೆ ಸ್ಟೇನ್‌ಲೆಸ್ ಅನುಕೂಲಕರವೆಂಬುದು ನಿಜವೇ. ಆದರೂ ಚಾಕುವನ್ನು ನೋಡಿಕೊಳ್ಳುವುದನ್ನು ಕಲಿಯಬಯಸುವವರಿಗೆ ಕಾರ್ಬನ್ ಉಕ್ಕೇ ಮೇಲು: ಸಾಣೆಕಲ್ಲಿನ ಮೇಲೆ ಅಂಚನ್ನು ಎರಡೂ ಬದಿ ಸುಮಾರು 20 ಡಿಗ್ರಿ ಓರೆಯಲ್ಲಿ ಹಿಡಿದು ಉಜ್ಜಿದರೆ ಅದು ಬೇಗ ಹರಿತವಾಗುತ್ತದೆ, ಮಾಡಿದ ಆರೈಕೆಯನ್ನೂ ಬಿಟ್ಟ ಆರೈಕೆಯನ್ನೂ ಮೈಮೇಲೆಯೇ ತೋರಿಸುತ್ತದೆ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯವು 1985ರಲ್ಲಿ ಆಯ್ದ ನೂರು ಶ್ರೇಷ್ಠ ವಿನ್ಯಾಸದ ವಸ್ತುಗಳಲ್ಲಿ ಒಪಿನೆಲ್ ಸೇರಿತ್ತು. 1989ರಲ್ಲಿ ಫ್ರಾನ್ಸಿನ ಲಾರೂಸ್ ನಿಘಂಟು ಒಪಿನೆಲ್ ಎಂಬುದನ್ನು ಸಾಮಾನ್ಯ ನಾಮಪದವಾಗಿ ಸೇರಿಸಿಕೊಂಡಿತು. ಸ್ಯಾಂ ಜಾನ್ ದ ಮೊರಿಯೆನ್‌ನಲ್ಲಿ ಈ ಚಾಕುವಿನ ಇತಿಹಾಸಕ್ಕೆ ಮೀಸಲಾದ ವಸ್ತುಸಂಗ್ರಹಾಲಯವೇ ಇದೆ.

ಜೇಬಿನಲ್ಲಿಟ್ಟು ಪ್ರಯಾಣಿಸುವವರು ಕಾನೂನನ್ನೂ ಗಮನಿಸಬೇಕು. ವಿಮಾನದಲ್ಲಿ ಇದನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ. ಪ್ರತ್ಯೇಕವಾಗಿ ಒಪ್ಪಿಸುವ ಸಾಮಾನಿನೊಳಗೆ ಇಡಬೇಕು. ಬ್ರಿಟನ್ನಿನಲ್ಲಿ ಮೂರು ಅಂಗುಲ ಮೀರದ ಅಲಗಿನ, ಬೀಗವಿಲ್ಲದ ಮಡಚುಚಾಕುವನ್ನು ಸಾರ್ವಜನಿಕ ಸ್ಥಳದಲ್ಲಿ ಇಟ್ಟುಕೊಳ್ಳಲು ಕಾರಣ ಕೊಡಬೇಕಾಗಿಲ್ಲವಾದರೂ, ವಿರೋಬ್ಲಾಕ್ ಉಂಗುರವಿರುವ ಚಾಕುವಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಹೀಗೆ ಬೆರಳನ್ನು ಕಾಯಲೆಂದು ಬಂದ ಉಂಗುರವೇ ಅಲ್ಲಿ ಕಾನೂನಿನ ತೊಡಕಾಗುತ್ತದೆ. ಅಲ್ಲಿ ನೆಲೆಸಿರುವವರಿಗೆ ಉಂಗುರವಿಲ್ಲದ 5ನೆಯ ಸಂಖ್ಯೆ ಅಥವಾ ಅದಕ್ಕಿಂತ ಸಣ್ಣದು ಹೊಂದುತ್ತದೆ. ಮಕ್ಕಳಿಗಾಗಿ 7ನೆಯ ಸಂಖ್ಯೆಯಲ್ಲಿ ಮೊನೆಯನ್ನು ಗುಂಡಗೆ ಮಾಡಿದ ಮಾದರಿಯೊಂದಿದ್ದು, ಅದಕ್ಕೂ ದೊಡ್ಡವರ ಚಾಕುವಿನ ಬೀಗವೇ ಇರುವುದರಿಂದ, ಹಿರಿಯರ ಕಣ್ಗಾವಲಿನಲ್ಲಿ ಹಣ್ಣು ಹೆಚ್ಚುವುದನ್ನೂ ಕಡ್ಡಿ ಕೆತ್ತುವುದನ್ನೂ ಕಲಿಯುವವರು ಉಂಗುರ ತಿರುಗಿಸುವ ರೂಢಿಯನ್ನು ಮೊದಲಿನಿಂದಲೇ ಬೆಳೆಸಿಕೊಳ್ಳಬಹುದು.