ಸಲಹೆಗಾರನ ಕೂಲಿಯನ್ನು ಕೊಡುವವರು ಯಾರು?

ಪರವೂರಿನಲ್ಲಿ ದುಡಿಯುವವನಿಗೆ ಗಳಿಸುವ ಚಿಂತೆಗಿಂತಲೂ ಗಳಿಸಿದುದನ್ನು ಎಲ್ಲಿಡಬೇಕೆಂಬ ಚಿಂತೆಯೇ ದೊಡ್ಡದು. ನಾಸಿಕದ ಸಾತಪುರ, ಅಂಬಡ ಭಾಗಗಳ ಹೋಟೆಲುಗಳಲ್ಲಿಯೂ ಛತ್ರಪತಿ ಸಂಭಾಜಿನಗರದ ವಾಳೂಜ, ಚಿಕಲಠಾಣಾ ಭಾಗಗಳ ಕಚೇರಿಗಳಲ್ಲಿಯೂ ದುಡಿಯುತ್ತಿರುವ ನಮ್ಮ ಕನ್ನಡ ಬಂಧುಗಳು ಈಚೆಗೆ ನಮ್ಮನ್ನು ಹೆಚ್ಚಾಗಿ ಕೇಳುವುದು ಮ್ಯೂಚುವಲ್ ಫಂಡಿನ ವಿಚಾರ. “ತಿಂಗಳಿಗೆ ಸಾವಿರ ರೂಪಾಯಿ ಹಾಕು ಎನ್ನುತ್ತಾರೆ, ಹಾಕಬಹುದೇ?” ಎಂದು ಅವರು ಕೇಳುತ್ತಾರೆ. ಅದಕ್ಕೂ ಮೊದಲು, ಹಾಕು ಎನ್ನುವವರು ಯಾರು, ಅವರ ಕೂಲಿಯನ್ನು ಕೊಡುವವರು ಯಾರು ಎಂದು ವಿಚಾರಿಸುವುದು ಲೇಸೆಂದು ನಮಗೆ ತೋರುತ್ತದೆ.

ಇದನ್ನು ನಾವು ಅನುಭವದಿಂದ ಹೇಳುತ್ತಿದ್ದೇವೆ. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಮ್ಮಲ್ಲಿದ್ದ ಸಪ್ಲಾಯರನೊಬ್ಬನು ತಂಗಿಯ ಮದುವೆಗೆಂದು ಕೂಡಿಸಿದ ಹಣವನ್ನು ಒಂದು ವರ್ಷದ ಠೇವಣಿಯಿಡಲು ಬ್ಯಾಂಕಿಗೆ ಹೋದನು. ಮರಳಿ ಬರುವಾಗ ಅವನ ಕೈಯಲ್ಲಿದ್ದುದು ಠೇವಣಿಯ ರಸೀದಿಯಲ್ಲ. ಐದು ವರ್ಷ ಹಣವನ್ನು ತೆಗೆಯಲಾಗದ, ಶೇರುಪೇಟೆಗೆ ಕಟ್ಟಿದ ವಿಮಾಪತ್ರ! “ಧಣಿಗಳೇ, ಇದರಲ್ಲಿ ಹೆಚ್ಚು ಬರುತ್ತದೆಂದು ಅವರೇ ಹೇಳಿದರು. ಬ್ಯಾಂಕಿನವರು ಸುಳ್ಳು ಹೇಳುತ್ತಾರೆಯೇ?” ಎಂದನು. ಅವರು ಸುಳ್ಳು ಹೇಳಿರಲಿಕ್ಕಿಲ್ಲ. ಆದರೆ ಅದನ್ನು ಮಾರಿದುದಕ್ಕೆ ಸಲ್ಲುವ ಕಮಿಷನಿನ ಮಾತನ್ನು ಹೇಳಿರಲಿಲ್ಲ. ಮದುವೆಯ ಹೊತ್ತಿಗೆ ಅವನು ಸಾಲ ಮಾಡಬೇಕಾಯಿತು. ಆ ಕಾಗದವನ್ನು ಅಂದೇ ಓದಿ ಹೇಳದೆ ಇದ್ದ ತಪ್ಪು ನಮ್ಮದೂ ಹೌದು.

ಪಿಗ್ಮಿಯ ಪಾಠ

ಹಾಗೆಂದು ಕಮಿಷನ್ ಪಡೆಯುವವರೆಲ್ಲರೂ ಮೋಸಗಾರರೆಂದು ನಾವು ಹೇಳುವುದಿಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟನು ದಿನವೂ ಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಪಡೆದು ಹೋಗುತ್ತಿದ್ದನು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದ ಬಡವನು ಉಳಿತಾಯವನ್ನು ಕಲಿತುದು ಆ ಏಜೆಂಟನ ಕಾಲ್ನಡಿಗೆಯಿಂದ. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ಆ ಪಾಠ ಉಳಿದಿದೆ. ನಡೆದು ಬಂದವನ ಕಾಲಿಗೆ ಕೂಲಿ ಸಲ್ಲಬೇಕು. ಆದರೆ ಅದು ಎಷ್ಟು, ಯಾರ ಗಂಟಿನಿಂದ ಎಂಬುದು ನಮಗೆ ತಿಳಿದಿರಬೇಕು.

ಯುರೋಪಿನಲ್ಲಿ ನಡೆದುದು

ಈ ಪ್ರಶ್ನೆ ನಮ್ಮದೊಂದೇ ಅಲ್ಲ. ಜರ್ಮನಿ, ಇಟಲಿ, ಸ್ಪೇನ್ ಮುಂತಾದ ದೇಶಗಳಲ್ಲಿ ಫಂಡುಗಳನ್ನು ಜನರಿಗೆ ಮಾರುವವರಲ್ಲಿ ಬ್ಯಾಂಕುಗಳೇ ಮುಖ್ಯ. ಅವಕ್ಕೆ ಫಂಡಿನ ಸಂಸ್ಥೆಗಳಿಂದ ಕಮಿಷನ್ ಸಲ್ಲುತ್ತದೆ. ಇಂಗ್ಲೆಂಡು ಬೇರೆ ದಾರಿ ಹಿಡಿಯಿತು. 2013ರ ಆರಂಭದಿಂದ ಅಲ್ಲಿ ಸಲಹೆಗಾರನು ಹೊಸ ಹೂಡಿಕೆಗೆ ಫಂಡಿನವರಿಂದ ಕಮಿಷನ್ ಪಡೆಯಕೂಡದೆಂದಾಯಿತು. ಸಲಹೆ ಬೇಕಾದವನೇ ಶುಲ್ಕ ಕೊಡಬೇಕು. ಹಾಲೆಂಡು 2014ರಲ್ಲಿ ಅದೇ ಬಗೆಯ ನಿಷೇಧವನ್ನು ತಂದಿತು.

ಹಾಲೆಂಡಿನ ಮಾತು ನಮಗೆ ತೀರ ದೂರದ್ದೇನೂ ಅಲ್ಲ. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಸ್ಥಾಪಿಸಿದ ಕೆನರಾ ಬ್ಯಾಂಕು 1987ರಲ್ಲಿ ಒಂದು ಮ್ಯೂಚುವಲ್ ಫಂಡನ್ನು ತೆರೆಯಿತು. 2007ರಲ್ಲಿ ಅದಕ್ಕೆ ಪಾಲುದಾರನಾಗಿ ಬಂದ ರೊಬೆಕೊ ಸಂಸ್ಥೆಯು ಹಾಲೆಂಡಿನ ರಾಟರ್‌ಡ್ಯಾಮ್ ನಗರದ್ದು.

ನಿಷೇಧದಿಂದ ಎಲ್ಲವೂ ನೆಟ್ಟಗಾಯಿತೆ? ಕೈಯಿಂದ ಶುಲ್ಕ ತೆರಬೇಕೆಂದಾಗ ಸಣ್ಣ ಉಳಿತಾಯದವರು ಸಲಹೆಯಿಂದಲೇ ದೂರವಾದರೆಂಬ ದೂರು ಇಂಗ್ಲೆಂಡಿನಲ್ಲಿ ಎದ್ದಿತು. ಯುರೋಪಿನ ಒಕ್ಕೂಟದ ಆಯೋಗವು ಎಲ್ಲೆಡೆ ಪೂರ್ಣ ನಿಷೇಧವನ್ನು ತರುವ ವಿಚಾರ ಮಾಡಿತ್ತಾದರೂ 2023ರ ಮೇ ತಿಂಗಳಲ್ಲಿ ಮುಂದಿಟ್ಟುದು ಭಾಗಶಃ ನಿಷೇಧವನ್ನು ಮಾತ್ರ.

ನಮ್ಮ ದೇಶದ ಎರಡು ಬಾಗಿಲು

ನಮ್ಮಲ್ಲಿ ಸೆಬಿ ಸಂಸ್ಥೆಯು ಮಧ್ಯದ ದಾರಿಯನ್ನು ಆರಿಸಿತು. 2009ರ ಆಗಸ್ಟ್ 1ರಿಂದ, ಹಣ ಹಾಕುವಾಗಲೇ ಮುರಿದುಕೊಳ್ಳುತ್ತಿದ್ದ ಪ್ರವೇಶ ಶುಲ್ಕ ರದ್ದಾಯಿತು. 2013ರ ಜನವರಿ 1ರಿಂದ ಪ್ರತಿಯೊಂದು ಫಂಡಿಗೂ ಎರಡು ಬಾಗಿಲುಗಳಾದವು. ‘ರೆಗ್ಯುಲರ್’ ಎಂಬುದು ವಿತರಕನ ಮೂಲಕ ಹೋಗುವ ಬಾಗಿಲು. ‘ಡೈರೆಕ್ಟ್’ ಎಂಬುದು ನೇರವಾಗಿ ಹೋಗುವ ಬಾಗಿಲು. ಫಂಡೂ ಒಂದೇ, ಅದನ್ನು ನಡೆಸುವವರೂ ಅವರೇ. ಆದರೆ ಮೊದಲಿನದರಲ್ಲಿ ವಿತರಕನ ಕಮಿಷನ್ ವರ್ಷ ವರ್ಷವೂ ನಮ್ಮ ಗಂಟಿನಿಂದಲೇ ಸೋರುತ್ತಿರುತ್ತದೆ.

ಶೇಕಡಾ ಒಂದು ಎಂದರೆ ಅಲ್ಪವೆಂದು ತೋರಬಹುದು. ಲೆಕ್ಕ ಹಾಕೋಣ. ತಿಂಗಳಿಗೆ 1,000 ರೂಪಾಯಿಯಂತೆ 20 ವರ್ಷ ಹಾಕಿದರೆ ನಮ್ಮ ಹಣ 2 ಲಕ್ಷ 40 ಸಾವಿರ. ವರ್ಷಕ್ಕೆ ಶೇಕಡಾ 12ರಂತೆ ಬೆಳೆದರೆ ಅದು ಸುಮಾರು 9 ಲಕ್ಷ 89 ಸಾವಿರವಾಗುತ್ತದೆ. ಶೇಕಡಾ 11ರಂತೆ ಬೆಳೆದರೆ ಸುಮಾರು 8 ಲಕ್ಷ 65 ಸಾವಿರ. ಒಂದು ಶೇಕಡಾದ ಬೆಲೆ ಒಂದೂಕಾಲು ಲಕ್ಷದಷ್ಟು! (12 ಎಂಬುದು ಲೆಕ್ಕಕ್ಕೆ ಹಿಡಿದ ಸಂಖ್ಯೆಯೇ ಹೊರತು ಯಾರೂ ಕೊಡಬಲ್ಲ ಭರವಸೆಯಲ್ಲ. ಹಣ ಕರಗುವುದೂ ಉಂಟು. 1964ರಲ್ಲಿ ಹೊರಟ ಯೂನಿಟ್ ಟ್ರಸ್ಟಿನ ಪ್ರಸಿದ್ಧ ಯೋಜನೆಯು 2001ರ ಜುಲೈಯಲ್ಲಿ ಯೂನಿಟುಗಳನ್ನು ಮರಳಿ ಕೊಳ್ಳುವುದನ್ನೇ ನಿಲ್ಲಿಸಿದುದನ್ನು ಹಿರಿಯರು ಮರೆತಿರಲಾರರು.)

ಹಾಗಾದರೆ ಯಾವ ಬಾಗಿಲು? ಕಾಗದಪತ್ರಗಳನ್ನು ತಾವೇ ಓದಬಲ್ಲ, ಪೇಟೆ ಇಳಿದಾಗ ಎದೆಗುಂದದ ಗುಮಾಸ್ತರಿಗೆ ನೇರ ಬಾಗಿಲು ಸಾಕು. ಬೆಳಗಿನ ಐದರಿಂದ ರಾತ್ರಿಯ ಹತ್ತರವರೆಗೆ ಒಲೆಯ ಮುಂದಿರುವವನಿಗೆ, ವರ್ಷಕ್ಕೊಮ್ಮೆ ಕುಳಿತು ಲೆಕ್ಕ ತಿಳಿಸಿ, ಹೆದರಿ ಹಣ ತೆಗೆಯಹೊರಟಾಗ ಕೈಹಿಡಿದು ನಿಲ್ಲಿಸುವ ಪ್ರಾಮಾಣಿಕ ವಿತರಕನು ದೊರೆತರೆ ಆ ಕಮಿಷನ್ ದಂಡವಲ್ಲ. ಸಹಿ ಹಾಕಿಸಿಕೊಂಡ ಮೇಲೆ ಮುಖವನ್ನೇ ತೋರಿಸದವನಿಗೆ ಸಲ್ಲುವುದು ಮಾತ್ರ ದಂಡವೇ ಸರಿ.

ಆದುದರಿಂದ ಸಹಿ ಹಾಕುವ ಮೊದಲು ಮೂರು ಮಾತು ಕೇಳತಕ್ಕದ್ದು: ಇದು ಫಂಡೋ ವಿಮೆಯೋ? ಡೈರೆಕ್ಟೋ ರೆಗ್ಯುಲರೋ? ಹಣ ಬೇಕಾದಾಗ ಯಾವ ದಿನ ಕೈಗೆ ಬರುತ್ತದೆ? ವಿತರಕನಾದರೆ ಅವನ ಎ.ಆರ್.ಎನ್. ಸಂಖ್ಯೆಯನ್ನೂ ಕೇಳಬೇಕು. ಫಂಡಿಗೆ ಹಣ ಹಾಕಿದವರಿಗೆ ಅರ್ಧ ವರ್ಷಕ್ಕೊಮ್ಮೆ ಬರುವ ಒಟ್ಟು ಲೆಕ್ಕದ ಪತ್ರದಲ್ಲಿ, ವಿತರಕನಿಗೆ ಸಂದ ಕಮಿಷನನ್ನು ರೂಪಾಯಿಗಳಲ್ಲಿಯೇ ತೋರಿಸಬೇಕೆಂದು 2016ರಲ್ಲಿ ನಿಯಮವಾಗಿದೆ. ಆ ಪತ್ರವನ್ನು ತೆರೆದು ನೋಡುವವರು ಕೆಲವರೇ.

ಗಲ್ಲಾದ ಮೇಲೆ ಕುಳಿತವನು ಗಿರಾಕಿಗೆ ಬಿಲ್ಲು ಕೊಡದೆ ಹಣ ಕೇಳುವನೆ? ನಮ್ಮ ಬೆವರಿನ ಹಣವನ್ನು ಒಯ್ಯುವವನಲ್ಲಿಯೂ ನಾವು ಬಿಲ್ಲು ಕೇಳೋಣ. ಅದರಲ್ಲಿ ನಾಚಿಕೆಪಡಬೇಕಾದುದು ಏನೂ ಇಲ್ಲ.